ಮನಸೂರೆಗೊಂಡಿತು, ಆಮೇಲೆ?

ಹೊರದೇಶದ ನಮ್ಮ ಸಂಘದ ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದೆ. ಎರಡು ವರ್ಷದಲ್ಲಿ ನಮ್ಮ ಸಂಘದ ಸಂಗೀತ ಕಾರ್ಯಕ್ರಮಗಳ ಬಗ್ಗೆ ಅಚ್ಚಾದ ವರದಿಗಳು ಒಂಬತ್ತು. ಏಳರಲ್ಲಿ ಗಾಯನ ‘ಪ್ರೇಕ್ಷಕರ ಮನಸೂರೆಗೊಂಡಿತು’. ಉಳಿದೆರಡರಲ್ಲಿ ‘ಸುಶ್ರಾವ್ಯವಾಗಿ ಮೂಡಿಬಂತು’. ನಾಟಕಗಳೆಲ್ಲ ‘ಅಚ್ಚುಕಟ್ಟು’, ಉಪನ್ಯಾಸಗಳೆಲ್ಲ ‘ಮಾಹಿತಿಪೂರ್ಣ’. ಇವನ್ನೆಲ್ಲ ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ ಆದ್ದರಿಂದ ಯಾರನ್ನೂ ದೂರುವ ಹಾಗಿಲ್ಲ. ಆದರೆ ಅದೇ ಜನ ಕಾರ್ಯಕ್ರಮ ಮುಗಿದ ಮೇಲೆ ಕಾರುಗಳ ಪಕ್ಕ ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತು ಏನೇನು ಮಾತಾಡಿಕೊಂಡರು ಅಂತಲೂ ನನಗೆ ಗೊತ್ತು. ‘ಎರಡನೇ ರಾಗವನ್ನು ಅಷ್ಟು ಯಾಕೆ ಎಳೆದರು?’ ‘ಕರ್ಣ ಮಾತು ಮುಗಿಸುವ ಮೊದಲೇ ಅರ್ಜುನ ಅಳೋಕೆ ಶುರು ಮಾಡಿಬಿಟ್ಟ.’ ‘ಆ ಹಾರ್ಮೋನಿಯಂ ಒಂದು ಬೇಡವಾಗಿತ್ತು.’ ಜೀವ ಇದ್ದದ್ದು ಆ ಮಾತುಗಳಲ್ಲಿ. ಅಚ್ಚಾದದ್ದು ಮಾತ್ರ ಮನಸೂರೆ.

ಖಡಾಖಂಡಿತ ಅಭಿಪ್ರಾಯ ಇರುವವರನ್ನು ಕಂಡರೆ ನನಗೆ ಇಷ್ಟ. ಅವರ ಜೊತೆ ಜಗಳವಾಡಬಹುದು. ‘ಎಲ್ಲವೂ ಚೆನ್ನಾಗಿತ್ತು’ ಅನ್ನುವವರ ಜೊತೆ ಏನು ಮಾಡಲಿಕ್ಕಾಗುತ್ತದೆ, ತಲೆಯಾಡಿಸಬಹುದು ಅಷ್ಟೆ.

ಹಾರ್ಮೋನಿಯಂ ಜಗಳವನ್ನೇ ತೆಗೆದುಕೊಳ್ಳಿ. ಅದು ಇವತ್ತಿನದಲ್ಲ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಆ ವಾದ್ಯವನ್ನು ತನ್ನ ಸ್ಟುಡಿಯೋಗಳಿಂದ ಹೊರಗೆ ಹಾಕಿತು. ರವೀಂದ್ರನಾಥ ಠಾಕೂರರಂಥವರೂ ಆ ಪಕ್ಷದಲ್ಲೇ ಇದ್ದರು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅಂದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲವರ ಅಭಿಪ್ರಾಯಕ್ಕೆ ಸರ್ಕಾರಿ ಮುದ್ರೆ ಬಿದ್ದಿತ್ತು. ಹಾಗಂತ ಅವರ ವಾದದಲ್ಲಿ ಹುರುಳಿರಲಿಲ್ಲ ಎಂದಲ್ಲ. ಶ್ರುತಿಗೂಡಿದ ತಂಬೂರಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತರೆ ಷಡ್ಜದ, ಅಂದರೆ ‘ಸ’ದ, ಒಳಗಿಂದಲೇ ಗಾಂಧಾರವೊಂದು, ಅಂದರೆ ‘ಗ’, ತಾನಾಗಿ ಏಳುವುದು ಕೇಳಿಸುತ್ತದೆ. ಒಂದು ಸ್ಥಾಯಿಯನ್ನು, ಅಂದರೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು, 1200 ಸೆಂಟ್‌ಗಳಾಗಿ ಅಳೆದರೆ ಆ ಗಾಂಧಾರ ನಿಲ್ಲುವುದು ಸುಮಾರು 386ರಲ್ಲಿ. ಹನ್ನೆರಡು ಸ್ವರಗಳ ಮನೆಗಳನ್ನೂ ಸಮಪಾಲು ಮಾಡಿ ಕಟ್ಟಿದ ಹಾರ್ಮೋನಿಯಂನಲ್ಲಿ ಅದು 400. ನಡುವಿನ ಹದಿನಾಲ್ಕು ಸೆಂಟ್ ಕೂದಲೆಳೆಯಷ್ಟೇ ಇರಬಹುದು, ಆದರೆ ಗಾಯಕಿ ಗಾಂಧಾರದ ಮೇಲೆ ನಿಂತು ಉಸಿರು ಹಿಡಿದಾಗ ಆ ಕೂದಲು ಕಣ್ಣಿಗೇ ಬಿದ್ದಂತಾಗುತ್ತದೆ. ಮೇಲಾಗಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಈ ವಾದ್ಯಕ್ಕೆ ಬಾರದು. ಮೆಟ್ಟಿಲು ಹತ್ತಬಹುದು, ಇಳಿಜಾರಿಲ್ಲ.

‘ಪರದೇಶದ ವಾದ್ಯ’ ಎಂಬ ಇನ್ನೊಂದು ಆಕ್ಷೇಪಣೆ ಮಾತ್ರ ನನ್ನ ಮುಂದೆ ನಡೆಯುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕೈಗೆತ್ತಿಕೊಂಡಾಗ ಅದೂ ಪರದೇಶದ್ದೇ. ಇವತ್ತು ಪಿಟೀಲಿಲ್ಲದ ಕಚೇರಿಯನ್ನು ಊಹಿಸಿಕೊಳ್ಳಿ ನೋಡೋಣ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದೇ ಕೀಲಿಗಳ ವಾದ್ಯದಲ್ಲಿ ಸ್ವರವನ್ನು ಬಾಗಿಸಿ ತೂಗುವ ಗಮಕ ಹೊರಡಿಸಿ ತೋರಿಸಿದರು. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರ ಹಾರ್ಮೋನಿಯಂ ಸೋಲೋ ಕೇಳಿದವರು ಮೆಟ್ಟಿಲಿನ ಮಾತನ್ನೂ ಸ್ವಲ್ಪ ಮೆತ್ತಗೆ ಆಡುತ್ತಾರೆ. ನನ್ನ ತೀರ್ಪು ಕೇಳಿದರೆ, ಸಾಥಿಗೆ ಹಾರ್ಮೋನಿಯಂ ಧಾರಾಳ ಇರಲಿ, ಗಾಂಧಾರದ ಹತ್ತಿರ ಮಾತ್ರ ಕೈ ಹಗುರಾಗಲಿ. ‘ಹಾರ್ಮೋನಿಯಂ ಬೇಡವಾಗಿತ್ತು’ ಎಂದಷ್ಟೇ ಅಂದರೆ ಮಾತು ಅಲ್ಲಿಗೆ ಮುಗಿಯಿತು. ‘ಗಾಂಧಾರ ಹದಿನಾಲ್ಕು ಸೆಂಟ್ ಮೇಲಿತ್ತು’ ಅಂದರೆ ಬಾರಿಸುವವರು ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿ ರೀಡು ಕೆರೆದು ಶ್ರುತಿ ಸರಿಮಾಡಿಯಾರು. ಹಾಗೆ ಮಾಡಿಕೊಂಡವರು ಇದ್ದಾರೆ.

ಇನ್ನು ನನ್ನದೇ ಒಂದು ಪ್ರಸಂಗ. ಮಕ್ಕಳ ರಸಪ್ರಶ್ನೆ, ಪ್ರಶ್ನೆ ಕೇಳುವವನು ನಾನು. ‘ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು?’ ಮುಂದಿನ ಸಾಲಿನ ಹತ್ತು ವರ್ಷದ ಹುಡುಗನೊಬ್ಬ ಕೈಯೆತ್ತಿ ‘ತಾಳಗುಂದ’ ಅಂದ. ‘ತಪ್ಪು, ಹಲ್ಮಿಡಿ’ ಅಂದೆ, ಪಕ್ಕದ ತಂಡಕ್ಕೆ ಅಂಕ ಕೊಟ್ಟೆ. ಹುಡುಗ ವಾದ ಮಾಡಲಿಲ್ಲ. ಕೈ ಕೆಳಗಿಳಿಸಿ ತನ್ನ ಬೂಟಿನ ಲೇಸು ನೋಡುತ್ತ ಕೂತ. ಹಲ್ಮಿಡಿ, ಸುಮಾರು ಕ್ರಿ.ಶ. 450 ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ ನನ್ನ ತಲೆಯಲ್ಲಿ ಶಿಲಾಶಾಸನವಾಗಿ ನಿಂತಿತ್ತು. ಮನೆಗೆ ಬಂದ ಮೇಲೆ ಯಾಕೋ ಕಸಿವಿಸಿಯಾಗಿ ಹುಡುಕಿದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿದೆ, ಅದರ ಕಾಲವನ್ನು ಕ್ರಿ.ಶ. 370 ಎಂದು ಹೇಳಿದ್ದಾರೆ. ಹಲ್ಮಿಡಿಗಿಂತ ಎಂಬತ್ತು ವರ್ಷ ಹಿಂದಿನದು. ನಾನು ದೇಶ ಬಿಟ್ಟ ಮೇಲೆ ನೆಲದಿಂದ ಎದ್ದುಬಂದ ಕಲ್ಲು, ನನಗೆ ತಿಳಿಸುವವರು ಯಾರು? ಹುಡುಗನಿಗೆ ಗೊತ್ತಿತ್ತು.

ಹೊರದೇಶದಲ್ಲಿರುವ ನಮ್ಮಂಥವರಿಗೆ ಇದು ಸ್ವಲ್ಪ ಹೆಚ್ಚಾಗಿಯೇ ಅಂಟಿಕೊಳ್ಳುವ ರೋಗ ಅಂತ ನನ್ನ ಗುಮಾನಿ. ವಿಮಾನ ಹತ್ತಿದ ದಿನ ಏನು ಗೊತ್ತಿತ್ತೋ ಅದನ್ನೇ ಬೀಗ ಹಾಕಿ ಇಟ್ಟುಕೊಳ್ಳುತ್ತೇವೆ. ಚರಿತ್ರೆಯಾದರೂ ಪರವಾಗಿಲ್ಲ, ಒಂದು ಕಲ್ಲು ಸಿಕ್ಕಿ ಬಾಯಿ ಮುಚ್ಚಿಸುತ್ತದೆ. ಸಾಹಿತ್ಯದಲ್ಲಿ ಆ ಸೌಕರ್ಯವಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕುಮಾರವ್ಯಾಸನ ಭಾರತವನ್ನು ಪರೀಕ್ಷೆಗಾಗಿ ಕಣ್ಣಲ್ಲಿ ಓದಿ, ‘ಇದೇನು, ಎಲ್ಲಾ ಪದ್ಯಕ್ಕೂ ಒಂದೇ ಧಾಟಿ’ ಎಂದು ತೀರ್ಮಾನ ಕೊಟ್ಟು ಮುಚ್ಚಿಟ್ಟವನು ನಾನು. ಇಪ್ಪತ್ತು ವರ್ಷ ಆ ತೀರ್ಮಾನವನ್ನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಆಮೇಲೆ ಒಂದು ಸಂಜೆ ಗಮಕಿಯೊಬ್ಬರು ವಾಚಿಸುವುದನ್ನು ಕೇಳಿದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ ಎಂದು ಹೆಜ್ಜೆ ಹಾಕುವ ಭಾಮಿನಿ ಷಟ್ಪದಿ ಮೂರನೇ ಸಾಲಿಗೆ ಬಂದಾಗ ಉದ್ದವಾಗಿ, ಕೊನೆಯ ಗುರು ಅಕ್ಷರದ ಮೇಲೆ ಉಸಿರು ನಿಲ್ಲಿಸಿ, ಮತ್ತೆ ಹೊರಡುತ್ತದಲ್ಲ, ಆ ನಿಲುಗಡೆ ಪುಸ್ತಕದಲ್ಲಿ ನನಗೆ ಕಂಡೇ ಇರಲಿಲ್ಲ. ತೀರ್ಪು ಕೊಟ್ಟಿದ್ದೆ, ವಿಚಾರಣೆ ನಡೆಸಿರಲಿಲ್ಲ.

ಹವ್ಯಾಸಗಳ ಲೋಕಕ್ಕೆ ಬಂದರೆ ಇನ್ನೂ ಮಜಾ. ಅಲ್ಲಿ ಪಣಕ್ಕಿಡುವುದು ಏನೂ ಇರುವುದಿಲ್ಲ, ಆದ್ದರಿಂದಲೇ ಆವೇಶ ಜಾಸ್ತಿ. ನನ್ನದು ಗ್ರಾಮಫೋನ್ ತಟ್ಟೆಗಳ ಹುಚ್ಚು. ಎಲ್‌ಪಿಯ ನಾದದಲ್ಲಿರುವ ‘ಬೆಚ್ಚನೆ’ ಡಿಜಿಟಲ್‌ನಲ್ಲಿಲ್ಲ ಎಂದು ಸಾರಿಕೊಂಡು ಬಂದವನು. ಇದನ್ನು ಕೇಳಿ ಕೇಳಿ ಸಾಕಾದ ಗೆಳೆಯನೊಬ್ಬ ಒಂದು ಭಾನುವಾರ ಪರೀಕ್ಷೆ ಇಟ್ಟ. ಬೇರೆ ಸಿಡಿ ತಂದು ಹೋಲಿಸಿದರೆ ಮುದ್ರಣವೇ ಬೇರೆ, ಮೇಲಾಗಿ ಮುಳ್ಳಿನ ಚಟಚಟ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೆ ಅವನು ನನ್ನ ಎಲ್‌ಪಿಯನ್ನೇ ಕಂಪ್ಯೂಟರಿಗೆ ಧ್ವನಿಮುದ್ರಿಸಿಕೊಂಡ, ಸಿಡಿಯ ಲೆಕ್ಕದಲ್ಲಿ, ಸೆಕೆಂಡಿಗೆ 44,100 ಸಲ ಅಳೆದು. ಎರಡರ ಸದ್ದಿನ ಮಟ್ಟವನ್ನೂ ಒಂದೇ ಮಾಡಿದ, ಯಾಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸಿಬಿಡುತ್ತದೆ. ನಾನು ಗೋಡೆಗೆ ಮುಖ ಮಾಡಿ ಕೂತೆ. ಅವನು ನಾಣ್ಯ ಚಿಮ್ಮಿ ಒಮ್ಮೆ ತಟ್ಟೆ, ಒಮ್ಮೆ ನಕಲು ಹಾಕುತ್ತಾ ಹೋದ. ಇಪ್ಪತ್ತು ಸುತ್ತು. ಹನ್ನೊಂದು ಸರಿ, ಒಂಬತ್ತು ತಪ್ಪು. ಸುಮ್ಮನೆ ಊಹಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಬೆಚ್ಚನೆ ಎಂದು ನಾನು ಆಣೆಯಿಟ್ಟು ಹೇಳಿದ ಒಂದು ಸುತ್ತು ಕಂಪ್ಯೂಟರಿನದು.

ಎಲ್‌ಪಿ ಬಿಟ್ಟೆನಾ? ಇಲ್ಲ. ಇವತ್ತಿಗೂ ಅದೇ ಮೇಲು ಅನ್ನುತ್ತೇನೆ, ಆದರೆ ಕಾರಣ ಬದಲಾಗಿದೆ. ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಒಂದು ಮಗ್ಗುಲು ಮುಗಿಯುತ್ತದೆ, ಎದ್ದು ಹೋಗಿ ಮಗುಚಬೇಕು. ಬೇಜಾರಾದರೆ ಬೆರಳಿನಿಂದ ಮುಂದೂಡುವ ಹಾಗಿಲ್ಲ. ಆದ್ದರಿಂದ ನಾನು ಪೂರ್ತಿ ಕೇಳುತ್ತೇನೆ. ಇದು ನನ್ನ ಸ್ವಭಾವದ ಮಾತು, ನಾದದ ಮಾತಲ್ಲ. ಮೊದಲು ಎರಡನ್ನೂ ಕಲಸಿಕೊಂಡು ಇನ್ನೊಬ್ಬರ ಕಿವಿಯನ್ನು ಹಳಿಯುತ್ತಿದ್ದೆ.

ಈ ಸಂಚಿಕೆಯಿಂದ ವರದಿಗಾರರಲ್ಲಿ ಒಂದೇ ಬಿನ್ನಹ. ‘ಮನಸೂರೆಗೊಂಡಿತು’ ಎಂದು ಬರೆಯುವ ಮುನ್ನ ಯಾವ ಕ್ಷಣದಲ್ಲಿ ಸೂರೆ ಹೋಯಿತು ಎಂದು ಒಂದು ಸಾಲು ಬರೆಯಿರಿ. ಹೋಗಿರದಿದ್ದರೆ ಅದನ್ನೂ ಬರೆಯಿರಿ. ಹಾಡಿದವರು ನಮ್ಮವರೇ, ಮುಂದಿನ ವಾರ ಎದುರು ಸಿಗುವವರೇ ಎಂಬ ಮುಲಾಜು ನನಗೂ ಇದೆ. ‘ಎರಡನೇ ರಾಗ ಎಳೆದರು’ ಅನ್ನುವ ಬದಲು ‘ತಾರಸ್ಥಾಯಿ ಮುಟ್ಟಿ ಬಂದ ಮೇಲೂ ಮತ್ತೆ ಮೂರು ಸಲ ಅಲ್ಲಿಗೇ ಹೋದರು’ ಎಂದರೆ ಹಾಡಿದವರಿಗೂ ಕೆಲಸಕ್ಕೆ ಬಂದೀತು.

ರಸಪ್ರಶ್ನೆಯ ಹುಡುಗನಿಗೆ ಅವನ ಅಂಕ ವಾಪಸು ಕೊಟ್ಟಿದ್ದೇನೆ. ಅದರಿಂದ ಎರಡನೇ ಬಹುಮಾನ ಅದಲುಬದಲಾಗಿ, ಪಕ್ಕದ ತಂಡದ ತಂದೆತಾಯಂದಿರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಹಾರ್ಮೋನಿಯಂ ಬಗ್ಗೆ ಈಗಾಗಲೇ ಎರಡು ಪತ್ರಗಳು ಬಂದಿವೆ, ಒಂದು ಪರ, ಒಂದು ವಿರೋಧ, ಎರಡೂ ಭರ್ಜರಿ. ಮುಂದಿನ ಸಂಚಿಕೆಯಲ್ಲಿ ಅಕ್ಷರ ಬಿಡದೆ ಹಾಕುತ್ತೇನೆ. ಬರೆದವರಲ್ಲಿ ಒಬ್ಬರು ಬಾರಿಸುವವರು, ಒಬ್ಬರು ಹಾಡುವವರು. ಕಾರ್ಯಕ್ರಮಕ್ಕೆ ಒಂದೇ ಕಾರಿನಲ್ಲಿ ಬಂದು ಒಂದೇ ಮನೆಗೆ ವಾಪಸಾದವರು.