ಗೇರಿನ ಸದ್ದು ಮತ್ತು ನಿನ್ನ ಕೈ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮೂರು ದಿನ ಆಯಿತು. ಉಳಿದ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಳು, ಅದಕ್ಕೆ ಇಲ್ಲಿ ಉತ್ತರ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಕಾರನ್ನು ಜೋರಾಗಿ ಎಳೆದು, ಅಂದರೆ ವೇಗ ಏರಿಸುತ್ತಾ, ಎರಡನೇ ಗೇರಿನಿಂದ ಮೂರನೆಯದಕ್ಕೆ ಹಾಕುವಾಗ ಕರಕರ ಸದ್ದು ಬರುತ್ತದೆ, "ಬಹುಶಃ ನನ್ನ ಕೈಯೇ ಸರಿಯಿಲ್ಲ ಮಾವ, ಓಡಿಸುವುದನ್ನೇ ಬಿಟ್ಟುಬಿಡೋಣ ಅನ್ನಿಸುತ್ತದೆ" ಅಂತ. ಸದ್ದಿಗೆ ದಾರಿ ಇದೆ. ಕೈಯ ಬಗ್ಗೆ ನೀನು ಬರೆದ ಮಾತಿಗೆ ಏನು ಮಾಡಲಿ ಅಂತ ಯೋಚಿಸುತ್ತಾ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಯಾರಾದರೂ ಹಾಗೆ ಹೇಳಿದರಾ? ಪಕ್ಕದಲ್ಲಿ ಕೂತವರು? ಅಥವಾ ನೀನೇ ಅಂದುಕೊಂಡೆಯಾ?

ಗೇರ್ ಬಾಕ್ಸ್ ಒಳಗೆ ಮುಂದೆ ಹೋಗುವ ಪ್ರತಿ ಗೇರಿನ ಪಕ್ಕ ಒಂದು ಉಂಗುರ ಇರುತ್ತದೆ, ಹೆಚ್ಚಾಗಿ ಹಿತ್ತಾಳೆಯದು. ಸಿಂಕ್ರೋ ರಿಂಗ್ ಅನ್ನುತ್ತಾರೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಒಂದೇ ವೇಗಕ್ಕೆ ತರುವುದು ಅದರ ಕೆಲಸ. ವೇಗ ಒಂದಾದ ಮೇಲೇ ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ಎರಡನೇ ಗೇರಿನ ಅನುಪಾತ 2 (ಎಂಜಿನ್ ಕಡೆಯ ಶಾಫ್ಟ್ ಎರಡು ಸುತ್ತಿದರೆ ಚಕ್ರದ ಕಡೆಯದು ಒಂದು), ಮೂರನೆಯದು 1.4 ಅಂತ ಲೆಕ್ಕಕ್ಕೆ ಇಟ್ಟುಕೋ. ಎಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ಇರುವಾಗ ಬದಲಿಸಿದರೆ ಆ ಎಂಜಿನ್ ಕಡೆಯ ಶಾಫ್ಟ್ 2100ಕ್ಕೆ ಇಳಿಯಬೇಕು. 6000ದಲ್ಲಿ ಬದಲಿಸಿದರೆ 4200ಕ್ಕೆ. ಅಂದರೆ 900 ಸುತ್ತು ಇಳಿಸುತ್ತಿದ್ದ ರಿಂಗ್ ಈಗ 1800 ಇಳಿಸಬೇಕು, ಅದೂ ಇನ್ನೂ ಕಡಿಮೆ ಸಮಯದಲ್ಲಿ. ಸವೆದ ರಿಂಗ್ ನಿಧಾನವಾಗಿ ಹಾಕಿದಾಗ ಹೇಗೋ ಸಂಭಾಳಿಸುತ್ತದೆ. ಜೋರಿನಲ್ಲಿ ಅದರಿಂದ ಆಗುವುದಿಲ್ಲ. ನಿಧಾನಕ್ಕೆ ಹೋದರೆ ಸರಿ, ಜೋರಾದರೆ ಸದ್ದು ಅಂತ ನೀನೇ ಬರೆದಿದ್ದೀಯಲ್ಲ. ಇದನ್ನು ಓದಿದ ಮೇಲೂ ಕೈಯ ತಪ್ಪು ಅನ್ನಿಸುತ್ತದಾ?

ನಿಮ್ಮಮ್ಮ ಯಾಕೆ ಕಾರು ಓಡಿಸುವುದಿಲ್ಲ ಅಂತ ನಿನಗೆ ಗೊತ್ತು. ಅಣ್ಣನಾದ ನಾನು ಬೈದೆ, ಅವಳು ಕೀ ಕೊಟ್ಟು ಇಳಿದಳು, ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಎಲ್ಲರೂ ನಗುತ್ತಾ ಹೇಳುವ ಕಥೆ. ಅದರ ಮುಂದಿನ ಭಾಗ ಯಾರಿಗೂ ಗೊತ್ತಿಲ್ಲ. ನಾನು ಹೇಳಿಲ್ಲ.

ಅವಳು ಹಾಕಿದರೆ ಎಲ್ಲ ಗೇರಿಗೂ ಕರಕರ. ನಾನು ಹಾಕಿದರೆ ಸದ್ದೇ ಇಲ್ಲ. ಇದಕ್ಕಿಂತ ಸಾಕ್ಷಿ ಬೇಕಾ ಅಂದುಕೊಂಡೆ. "ನಿನಗೆ ಕೈಯಲ್ಲಿ ಹದವೇ ಇಲ್ಲ" ಅಂದೆ. ಇದೇ ಮಾತು ಪುಟ್ಟಿ, ಹೆಚ್ಚುಕಡಿಮೆ ನೀನು ಬರೆದದ್ದೇ. ನಾಲ್ಕು ತಿಂಗಳಾದ ಮೇಲೆ ರಿವರ್ಸ್ ಬೀಳುವುದೇ ಕಷ್ಟವಾಯಿತು. ಗೇರ್ ಬಾಕ್ಸ್ ಇಳಿಸಿ ನೋಡಿದರೆ ಎಂಜಿನ್ ತುದಿಯ ಫ್ಲೈವೀಲ್ ಚಕ್ರದ ನಡುವೆ ಶಾಫ್ಟಿನ ತುದಿಗೆ ಆಧಾರವಾಗಿರುವ ಪೈಲಟ್ ಬೇರಿಂಗ್ ಜಾಮ್ ಆಗಿ ಹಿಡಿದುಕೊಂಡಿತ್ತು. ಕ್ಲಚ್ ಒತ್ತಿದರೆ ಎಂಜಿನ್‌ನಿಂದ ಬೇರೆಯಾಗಬೇಕಿದ್ದ ಶಾಫ್ಟ್, ಎಷ್ಟೇ ಒತ್ತಿದರೂ ಅದರ ಜೊತೆಗೇ ತಿರುಗುತ್ತಿತ್ತು. ಹಾಗಾದರೆ ನನಗೇಕೆ ಸದ್ದು ಬರುತ್ತಿರಲಿಲ್ಲ? ನಾನು ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು, ಎಂಜಿನ್ ಇಳಿದ ಮೇಲೆ ಹಾಕುತ್ತಿದ್ದೆ. ಬೇರಿಂಗ್ ಸ್ವಲ್ಪ ಸ್ವಲ್ಪವೇ ಕೆಡುತ್ತಾ ಬಂದ ಹಾಗೆ ನನ್ನ ಕೈಯೂ ಅದಕ್ಕೆ ಹೊಂದಿಕೊಂಡಿತ್ತು. ಅದನ್ನೇ ನಾನು ಹದ ಅಂತ ತಿಳಿದಿದ್ದೆ. ಅವಳಿಗೆ ಕಲಿಸಿದ ಹಾಗೆ ಅವಳು ಸರಿಯಾಗಿಯೇ ಹಾಕುತ್ತಿದ್ದಳು.

ಅವತ್ತೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡು ವರ್ಷಗಳೇ ಕಳೆದವು.

ಅದಕ್ಕೇ ಕೇಳುತ್ತೇನೆ, ಮೊದಲು ಗಾಡಿಯನ್ನು ನೋಡು. ನಾನು ಮೆಕ್ಯಾನಿಕ್ ಅಲ್ಲ, ದೂರದಲ್ಲಿ ಕೂತು ಹೇಳುತ್ತಿದ್ದೇನೆ, ಅಷ್ಟಕ್ಕೆ ಇಟ್ಟುಕೋ. ಸಮತಟ್ಟಾದ ಜಾಗದಲ್ಲಿ ಕಾರು ಪೂರ್ತಿ ನಿಂತಿರಲಿ, ಎಂಜಿನ್ ಸುಮ್ನೆ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಹತ್ತರವರೆಗೆ ಎಣಿಸು. ಆಮೇಲೆ ಮೆಲ್ಲಗೆ ರಿವರ್ಸ್ ಹಾಕು. ಅಷ್ಟು ಕಾದ ಮೇಲೂ ಕರಕರ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ರಿವರ್ಸಿಗೂ ಸಿಂಕ್ರೋ ಇರುವ ಗಾಡಿಯಾದರೆ ಇದರಲ್ಲಿ ತಿಳಿಯದೆ ಹೋಗಬಹುದು. ಆಗ ಎಂಜಿನ್ ಆರಿಸಿ ಎಲ್ಲ ಗೇರೂ ಹಾಕಿ ನೋಡು. ಆರಿದಾಗ ಬೆಣ್ಣೆಯ ಹಾಗೆ, ಚಾಲೂ ಇದ್ದಾಗ ಬಿಗಿ ಅಂದರೆ ಮತ್ತೆ ಕ್ಲಚ್ ಮೇಲೇ ಅನುಮಾನ. ಪೆಡಲ್ಲನ್ನು ಎರಡು ಸಲ ಪಂಪ್ ಮಾಡಿದಾಗ ಸರಿಹೋಗುತ್ತದಾ? ಹಾಗಿದ್ದರೆ ಕ್ಲಚ್ ಲೈನಿನಲ್ಲಿ ಗಾಳಿ ಸೇರಿರಬಹುದು, ಎಣ್ಣೆ ಕಡಿಮೆಯಾಗಿರಬಹುದು. ಪೆಡಲ್ ಕೆಳಗೆ ದಪ್ಪ ಮ್ಯಾಟ್ ಇದೆಯಾ ಅಂತಲೂ ನೋಡು. ಸಣ್ಣ ವಿಷಯ, ಆದರೆ ಪೆಡಲ್ ತಳ ಮುಟ್ಟದಿದ್ದರೆ ಯಾರ ಕೈಯಾದರೂ ಸೋಲುತ್ತದೆ.

ಕ್ಲಚ್ ಸರಿ ಇದ್ದು, ಮೂರನೆಯದೊಂದೇ ಸದ್ದು ಮಾಡಿದರೆ ಆ ಗೇರಿನ ರಿಂಗ್ ಮೇಲೆ ನನ್ನ ಅನುಮಾನ. ಡಬಲ್ ಕ್ಲಚ್ ಮಾಡಿ ನೋಡು. ಒಮ್ಮೆ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಕ್ಷಣ, ಮತ್ತೆ ಒತ್ತಿ ಮೂರು. ಸದ್ದು ನಿಂತರೆ ರಿಂಗ್ ಸೋತಿದೆ ಅಂತ ಅನುಮಾನ ಗಟ್ಟಿಯಾಗುತ್ತದೆ. ಜೋರಾಗಿ ಎಳೆದಾಗ ಎಂಜಿನ್ನೇ ವಾಲುತ್ತದೆ, ಅದನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್ ಹರಿದಿದ್ದರೆ ಜಾಸ್ತಿ ವಾಲುತ್ತದೆ, ಆಗ ಲಿವರ್ ಕೊಂಡಿ ಪೂರ್ತಿ ಎಳೆಯುವುದಿಲ್ಲ. ಗೇರ್ ಬಾಕ್ಸ್ ಬಿಚ್ಚುವ ಮೊದಲು ಅದನ್ನು ನೋಡಲು ಹೇಳು. ಗೇರ್ ಬಾಕ್ಸ್ ಆಯಿಲ್ ಇಳಿಸಿದಾಗ ನೀನೇ ಪಕ್ಕದಲ್ಲಿ ನಿಂತು ನೋಡು. ಆಯಿಲ್ ಇಳಿಸುವ ಬಿರಡೆಯ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರಿದ್ದರೆ ಹೆದರಬೇಡ. ಆಯಿಲ್ ತುಂಬ ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ರಿಂಗಿನಿಂದ ಸವೆದ ಹಿತ್ತಾಳೆ ಇರಬಹುದು. ಉಕ್ಕಿನ ಚೂರುಗಳಿದ್ದರೆ ಹಲ್ಲು ಮುರಿದಿರಬಹುದು. ಹೊಸ ಆಯಿಲ್ ಗಾಡಿಯ ಪುಸ್ತಕದಲ್ಲಿ ಬರೆದಿರುವುದನ್ನೇ ಹಾಕಿಸು. ಅಲ್ಲಿ ಗೇರ್ ಆಯಿಲಿನ ದರ್ಜೆ ಜಿಎಲ್-4 ಅಂತ ಇದ್ದರೆ ಜಿಎಲ್-5 ಇನ್ನೂ ಒಳ್ಳೆಯದು ಅಂತ ಯಾರಾದರೂ ಹೇಳಿದರೂ ಬೇಡ. ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು.

ಇಷ್ಟೆಲ್ಲ ಬರೆದು ನಿನ್ನನ್ನು ಇನ್ನೂ ಗಾಬರಿ ಮಾಡಿದೆನೋ ಏನೋ.

ಒಂದು ಮಾತು ಸುಳ್ಳು ಹೇಳಲಾರೆ. ಕಾಲು ಪೂರ್ತಿ ಒತ್ತುವ ಮೊದಲೇ ಕೈ ಎಳೆದರೂ ಇದೇ ಸದ್ದು ಬರುತ್ತದೆ. ನಿನ್ನಿಂದಲೂ ಹಾಗೆ ಆಗಿರಬಹುದು. ಆದರೆ ಅದು ಒಂದು ವಾರದಲ್ಲಿ ತಿದ್ದಿಕೊಳ್ಳುವ ವಿಷಯ. ಕೈಯೇ ಸರಿಯಿಲ್ಲ ಅನ್ನುವುದು ಬೇರೆ ಮಾತು, ಅದನ್ನು ಒಬ್ಬಳು ಜೀವನಪೂರ್ತಿ ಹೊತ್ತುಕೊಂಡದ್ದನ್ನು ನಾನು ನೋಡಿದ್ದೇನೆ. ಇನ್ನೊಂದು, ಸದ್ದು ಬಂದಾಗ ಲಿವರನ್ನು ಬಲವಾಗಿ ತಳ್ಳಬೇಡ. ಹಲ್ಲಿನ ತುದಿ ಮೊಂಡಾಗುತ್ತದೆ, ಆಮೇಲೆ ಹಾಕಿದ ಗೇರ್ ತಾನಾಗಿ ಹಾರಿ ಹೊರಗೆ ಬರುತ್ತದೆ. ಮತ್ತೆ ನ್ಯೂಟ್ರಲ್‌ಗೆ ತಂದು, ಒಂದು ಉಸಿರು ತೆಗೆದುಕೊಂಡು ಹಾಕು. ಸರಿಯಾಗುವವರೆಗೆ ಜೋರಾಗಿ ಎಳೆಯುವುದೂ ಬೇಡ, ಮುಂದಿನ ಗಾಡಿಯನ್ನು ದಾಟುವಾಗಲಂತೂ ಆ ಗೇರನ್ನು ನಂಬಬೇಡ.

ಈ ಪತ್ರವನ್ನು ಅಮ್ಮನಿಗೆ ತೋರಿಸಬೇಡ. ಭಾನುವಾರ ನಾನೇ ಫೋನ್ ಮಾಡಿ ಬೇರಿಂಗ್ ವಿಷಯ ಹೇಳುತ್ತೇನೆ. ಅವಳು ಏನು ಹೇಳಿದರೂ ಕೇಳಿಸಿಕೊಳ್ಳುತ್ತೇನೆ.

ನೀನು ರಿವರ್ಸ್ ಹಾಕಿ ನೋಡಿ ಬರಿ. ಸದ್ದು ಬಂತೋ ಇಲ್ಲವೋ, ಅಷ್ಟು ಸಾಕು.

ಇತಿ,
ನಿನ್ನ ಮಾವ