ಅಂಗನವಾಡಿ ಸಹಾಯಕಿಯರು ಯಾಕೆ ಉಳಿಯುತ್ತಿಲ್ಲ?

ಮಾನ್ಯ ಸಂಪಾದಕರೆ,

ನಮ್ಮ ಬೀದಿಯ ಅಂಗನವಾಡಿ ಸಹಾಯಕಿ ಕೆಲಸ ಬಿಟ್ಟು ಗಾರ್ಮೆಂಟ್ಸ್‌ಗೆ ಸೇರಿದ್ದಾರೆ. ಅವರನ್ನು ದೂರುವುದು ಹೇಗೆ? ಅಲ್ಲಿ ಸಂಬಳ ಜಾಸ್ತಿ. ಈಗ ಕಾರ್ಯಕರ್ತೆ ಒಬ್ಬರೇ. ಒಲೆ ಮೇಲೆ ಅನ್ನ, ಸೊಂಟದಲ್ಲಿ ಅಳುವ ಮಗು, ಕೈಯಲ್ಲಿ ಮಕ್ಕಳ ವಿವರವನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬಬೇಕಾದ ಮೊಬೈಲ್. ಮತದಾರರ ಪಟ್ಟಿ, ಸಮೀಕ್ಷೆಯ ಕೆಲಸ ಬೇರೆ. ಪಾಪ, ಊಟಕ್ಕೂ ಪುರುಸೊತ್ತಿಲ್ಲ.

ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. ಇಂದಿಗೂ ಇವರಿಗೆ ಸಿಗುವುದು ಗೌರವಧನವೇ. ಗ್ರಾಚ್ಯುಟಿ ಕೊಡಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಖಾಲಿ ಹುದ್ದೆಗೆ ಸುಮ್ನೆ ಅರ್ಜಿ ಕರೆದರೆ ಸಾಲದು, ಬಂದವರು ನಿಲ್ಲಬೇಕು ಅಲ್ವಾ? ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇವರಿಗೆ ಕನಿಷ್ಠ ವೇತನ ಕೊಡಲಿ, ಬೇರೆ ಇಲಾಖೆಗಳ ಕೆಲಸದಿಂದ ಬಿಡಿಸಲಿ.

– ಒಬ್ಬ ತಾಯಿ, ಮಂಡ್ಯ