ಹಿಂದೆ ಕೂತವರ ಮಂಡಿಗೂ ಜಾಗ ಬೇಕು

ಸಂಪಾದಕರೇ,

ಹೊಸ ಟೂರಿಂಗ್ ಬೈಕ್‌ಗಳ ಬಗ್ಗೆ ನಿಮ್ಮಲ್ಲಿ ಬರುವ ಬರಹಗಳನ್ನು ತಪ್ಪದೆ ಓದುತ್ತೇನೆ. ಎಂಜಿನ್ ಎಷ್ಟು ಸಿಸಿ, ಟಾರ್ಕ್ ಎಷ್ಟು, ತಿರುವಿನಲ್ಲಿ ಹೇಗೆ ವಾಲುತ್ತದೆ, ಪರದೆಯಲ್ಲಿ ಮ್ಯಾಪ್ ಬರುತ್ತದೋ ಇಲ್ಲವೋ, ಎಲ್ಲಾ ಇರುತ್ತದೆ. ಹಿಂದೆ ಕೂರುವವರ ವಿಷಯ ಬಂದಾಗ ಮಾತ್ರ ‘ಹಿಂದಿನ ಸೀಟು ಆರಾಮವಾಗಿದೆ’ ಅಂತ ಒಂದೇ ಸಾಲು. ಬರೆದವರು ಅಲ್ಲಿ ಕೂತು ನೋಡಿದ್ದಾರಾ? ನಾನು ನಮ್ಮ ಮನೆಯವರ ಬೈಕಿನ ಹಿಂದೆ ಕೂತೇ ಊರೂರು ತಿರುಗುವವಳು, ಹಾಗಾಗಿ ಕೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಸೀಟು ನೋಯುತ್ತದೆ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ. ಮೆತ್ತಗಿನ ಸೀಟು ಹಾಕಿಸಿ, ಇಲ್ಲಾ ಜೆಲ್ ಪ್ಯಾಡ್ ತನ್ನಿ. ಮೆತ್ತಗಿನ ಸೀಟಿನ ಸುಖ ಶುರುವಿನಲ್ಲಿ ಮಾತ್ರ. ಫೋಮ್ ತೀರಾ ಮೆತ್ತಗಿದ್ದರೆ ಭಾರಕ್ಕೆ ಪೂರ್ತಿ ಅಮುಕಿಕೊಂಡು, ಕೂರುವ ಮೂಳೆಗಳು ಕೆಳಗಿನ ಗಟ್ಟಿ ತಳಕ್ಕೇ ಒತ್ತುತ್ತವೆ. ಸ್ವಲ್ಪ ಬಿಗಿಯಾದ, ಅಗಲವಾದ ಸೀಟು ಭಾರವನ್ನು ಹಂಚುತ್ತದೆ, ದೂರದ ದಾರಿಗೆ ಅದೇ ವಾಸಿ. ಜೆಲ್ ಬಿಸಿಲಲ್ಲಿ ಕಾದುಬಿಟ್ಟರೆ ಬೇಗ ಆರುವುದೂ ಇಲ್ಲ. ಇನ್ನು ಸೀಟು ಮುಂದಕ್ಕೆ ಇಳಿಜಾರಾಗಿದ್ದರಂತೂ ಮುಗೀತು. ಬ್ರೇಕ್ ಹಾಕಿದಾಗಲೆಲ್ಲ ಜಾರಿ ಓಡಿಸುವವರ ಬೆನ್ನಿಗೆ ಅಂಟಿಕೊಳ್ಳಬೇಕು, ಅವರಿಗೂ ಇಕ್ಕಟ್ಟು ನಮಗೂ ಇಕ್ಕಟ್ಟು, ಮತ್ತೆ ಹಿಂದಕ್ಕೆ ಸರಿಯಬೇಕು, ಮತ್ತೆ ಜಾರಬೇಕು. ಕುಶನ್ ಕೆಲಸ ಗೊತ್ತಿರುವವರ ಹತ್ತಿರ ಅದನ್ನು ಸಮತಟ್ಟು ಮಾಡಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೆತ್ತೆಗಿಂತ ದೊಡ್ಡ ತಕರಾರು ಜಾಗದ್ದು. ಸೀಟಿಗೂ ಫುಟ್‌ರೆಸ್ಟ್‌ಗೂ ಅಂತರ ಕಮ್ಮಿ ಇದ್ದರೆ ಮಂಡಿ ಮೇಲೆದ್ದು ನಿಲ್ಲುತ್ತದೆ, ತೊಡೆಗೆ ಸೀಟಿನ ಆಸರೆ ತಪ್ಪುತ್ತದೆ, ಮೈಭಾರವೆಲ್ಲ ಹಿಂಭಾಗದ ಮೇಲೇ ಬೀಳುತ್ತದೆ. ಆಮೇಲೆ ಎಂಥಾ ಫೋಮ್ ಹಾಕಿದರೂ ಅಷ್ಟೇ. ಫುಟ್‌ರೆಸ್ಟನ್ನು ಸ್ವಲ್ಪ ಕೆಳಗಿಳಿಸುವ ಬ್ರಾಕೆಟ್‌ಗಳು ಹಲವು ಬೈಕ್‌ಗಳಿಗೆ ಸಿಗುತ್ತವೆ. ಆದರೆ ಬೈಕ್ ವಾಲಿದಾಗ ಅದು ನೆಲಕ್ಕೆ ಉಜ್ಜುತ್ತದಾ, ಕಾಲು ಸೈಲೆನ್ಸರ್‌ಗೆ ತಾಗುತ್ತದಾ, ಹಿಮ್ಮಡಿ ಪಕ್ಕದ ಪೆಟ್ಟಿಗೆಗೆ ಬಡಿಯುತ್ತದಾ ಅಂತ ಮೊದಲೇ ನೋಡಿಕೊಳ್ಳಬೇಕು. ಸೀಟನ್ನೇ ಎತ್ತರಿಸಿದರೂ ಮಂಡಿಗೆ ಜಾಗ ಸಿಗುತ್ತದೆ ನಿಜ, ಆಗ ತಲೆ ಹೋಗಿ ಗಾಳಿಗೆ ಸಿಕ್ಕಿಕೊಳ್ಳುತ್ತದೆ, ಹೆಲ್ಮೆಟ್ ದಾರಿಯುದ್ದಕ್ಕೂ ಅಲುಗಾಡುತ್ತಾ ಕತ್ತು ಹಿಡಿದುಕೊಳ್ಳುತ್ತದೆ. ತಲೆಗೆ ಎಳೆದರೆ ಕಾಲಿಗೆ ಸಾಲದ ಕಂಬಳಿ ಇದ್ದ ಹಾಗೆ.

ಬೆನ್ನಿನ ಕಥೆಯೂ ಇಂಥದ್ದೇ. ದೊಡ್ಡ ಬೈಕ್‌ಗಳಲ್ಲಿ ನಮ್ಮ ಬ್ಯಾಕ್‌ರೆಸ್ಟ್ ಇರುವುದು ಟಾಪ್ ಬಾಕ್ಸ್‌ನ, ಅಂದರೆ ಸೀಟಿನ ಹಿಂದೆ ಕೂರಿಸುವ ಸಾಮಾನಿನ ಪೆಟ್ಟಿಗೆಯ ಮುಂಭಾಗದಲ್ಲಿ, ಅಂದರೆ ಬಾಕ್ಸ್ ಎಲ್ಲಿ ನಿಂತಿದೆಯೋ ನಮ್ಮ ಜಾಗ ಅಲ್ಲಿಗೆ ಮುಗಿಯಿತು. 1975ರಿಂದ ಬರುತ್ತಿರುವ ಹೋಂಡಾ ಗೋಲ್ಡ್ ವಿಂಗ್ ಅನ್ನೇ ನೋಡಿ. 2018ರಲ್ಲಿ ಅದನ್ನು ಹಗುರ ಮಾಡಿ, ಮೈ ಇಳಿಸಿ ಹೊಸದಾಗಿ ತಂದರು. 2021ರ ಮಾದರಿಗೆ ಬರುವಷ್ಟರಲ್ಲಿ ಹಿಂದಿನವರ ಬ್ಯಾಕ್‌ರೆಸ್ಟನ್ನು ಇನ್ನಷ್ಟು ಹಿಂದಕ್ಕೆ ವಾಲಿಸಿ, ಫೋಮ್ ದಪ್ಪ ಮಾಡಿ, ಟಾಪ್ ಬಾಕ್ಸನ್ನು 50 ಲೀಟರಿನಿಂದ 61 ಲೀಟರಿಗೆ ಹಿಗ್ಗಿಸಬೇಕಾಯಿತು. ಎಂಜಿನ್ ಅದೇ 1833 ಸಿಸಿ! ಅಷ್ಟು ದೊಡ್ಡ ಗಾಡಿಯಲ್ಲೇ ಹಿಂದಿನ ಸೀಟಿನ ಲೆಕ್ಕವನ್ನು ಎರಡನೇ ಸಲ ಹಾಕಿದರು ಅಂದಮೇಲೆ, ಚಿಕ್ಕ ಬೈಕ್‌ಗಳ ಬಗ್ಗೆ ಏನು ಹೇಳೋಣ.

ಹಾರ್ಲಿ ಡೇವಿಡ್ಸನ್ ಇಟ್ಟುಕೊಂಡವರಲ್ಲಿ ಎಷ್ಟೋ ಜನ ಟೂರ್-ಪ್ಯಾಕ್ ಅನ್ನುವ ತಮ್ಮ ಟಾಪ್ ಬಾಕ್ಸ್‌ನ ಬೋಲ್ಟ್ ಬಿಚ್ಚಿ ಹಿಂದಕ್ಕೆ ಸರಿಸಿ ಕೂರಿಸಿಕೊಳ್ಳುತ್ತಾರೆ. ಒಂದು ಇಂಚು ಅಂದರೆ ಕೇಳುವವರಿಗೆ ನಗು ಬರಬಹುದು, ಕೂತವರಿಗೆ ಆ ಒಂದು ಇಂಚಿನಲ್ಲೇ ಉಸಿರು. ಹಾಗಂತ ಸುಮ್ನೆ ಎಳೆಯುತ್ತಾ ಹೋಗುವಂತಿಲ್ಲ. ಭಾರ ಹಿಂದಿನ ಆಕ್ಸಲ್ ದಾಟಿ ಆಚೆ ಹೋದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ, ವೇಗದಲ್ಲಿ ಹ್ಯಾಂಡಲ್ ನಡುಗುವುದೂ ಉಂಟು. ಆ ಬಾಕ್ಸ್‌ನಲ್ಲಿ ಬಟ್ಟೆ, ಮಳೆ ಕೋಟು ಇರಲಿ. ಟೂಲ್ಸ್, ನೀರಿನ ಬಾಟಲಿಯಂಥ ಭಾರದವು ಪಕ್ಕದ ಪೆಟ್ಟಿಗೆಗಳ ತಳಕ್ಕೆ ಹೋಗಲಿ.

ದುಡ್ಡು ಖರ್ಚಿಲ್ಲದ ಕೆಲಸ ಇನ್ನೊಂದಿದೆ, ಯಾರೂ ಮಾಡಲ್ಲ. ಇಬ್ಬರು ಕೂತಾಗ ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡ್ (ಸ್ಪ್ರಿಂಗ್ ಮೊದಲೇ ಎಷ್ಟು ಅಮುಕಿರಬೇಕು ಅನ್ನುವ ಹೊಂದಾಣಿಕೆ) ಜಾಸ್ತಿ ಮಾಡಬೇಕು, ಟೈರಿಗೆ ಇಬ್ಬರ ಭಾರಕ್ಕೆ ಹೇಳಿರುವಷ್ಟು ಗಾಳಿ ತುಂಬಬೇಕು. ಎರಡೂ ಬೈಕಿನ ಜೊತೆ ಕೊಡುವ ಪುಸ್ತಕದಲ್ಲೇ ಇರುತ್ತವೆ. ಇಷ್ಟು ಮಾಡದಿದ್ದರೆ ಪ್ರತಿ ಗುಂಡಿಯಲ್ಲೂ ಶಾಕ್ ತಳ ಮುಟ್ಟುತ್ತದೆ, ಅದು ನೇರ ನಮ್ಮ ಸೊಂಟಕ್ಕೆ ಬಡಿಯುತ್ತದೆ, ಸೀಟಿನ ಹೆಸರು ಕೆಡುತ್ತದೆ.

ನಿಮ್ಮ ಬೈಕ್ ಅಂಕಣದವರಿಗೆ ದಯವಿಟ್ಟು ಇದನ್ನು ದಾಟಿಸಿ. ಸೀಟಿನ ಎತ್ತರದ ಜೊತೆ ಹಿಂದಿನ ಸೀಟಿನ ಉದ್ದ, ಅಲ್ಲಿಂದ ಫುಟ್‌ರೆಸ್ಟ್‌ಗೆ ಎಷ್ಟು ಅಂತರ, ಇಬ್ಬರು ಮತ್ತು ಸಾಮಾನು ಸೇರಿ ಎಷ್ಟು ಕೆ.ಜಿ. ಹೊರಬಹುದು ಅನ್ನುವುದನ್ನೂ ಅಳೆದು ಬರೆಯಲಿ. ಟೇಪ್ ಹಿಡಿದರೆ ಐದು ನಿಮಿಷದ ಕೆಲಸ, ಅಲ್ವಾ? ಆಮೇಲೆ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟು, ಒಂದೆರಡು ಗಂಟೆ ಅವರೇ ಹಿಂದೆ ಕೂತು ಬರಲಿ. ಆ ಬರಹವನ್ನು ನಾನು ಎರಡು ಸಲ ಓದುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು